ಕಲ್ಲು ತಿಂದವರು ಬರೆದ ಚರಿತ್ರೆ

ಸ್ಕೂಬಾ ಡೈವಿಂಗ್ ಮಾಡುವವರ ನಡುವೆ ಆಳವೇ ಪ್ರತಿಷ್ಠೆ. ಮೂವತ್ತು ಮೀಟರ್ ಇಳಿದು ಬಂದವರು ಹತ್ತು ಮೀಟರ್ ಇಳಿದವರ ಮುಂದೆ ಕೊಂಚ ಎದೆಯುಬ್ಬಿಸಿಯೇ ಮಾತಾಡುತ್ತಾರೆ. ಇಟಲಿಯ ಬಾಯಾದಲ್ಲಿ ಈ ಜಂಬ ನಡೆಯುವುದಿಲ್ಲ. ನೇಪಲ್ಸ್ ನಗರದ ಪಶ್ಚಿಮಕ್ಕೆ, ಪೊಟ್ಸುವೊಲಿ ಕೊಲ್ಲಿಯ ಅಂಚಿಗಿರುವ ಈ ಊರಿನ ಕಡಲಲ್ಲಿ ನೋಡಬೇಕಾದದ್ದರಲ್ಲಿ ಬಹುಪಾಲು ಐದಾರು ಮೀಟರ್ ಆಳದಲ್ಲೇ ಇದೆ. ಮಲೆನಾಡಿನ ಮನೆಬಾವಿಗಳೇ ಅದಕ್ಕಿಂತ ಆಳ. ಈಜು ಬಾರದವರು ಗಾಜಿನ ತಳದ ದೋಣಿಯಲ್ಲಿ ಕೂತು ಕೂಡ ಒಂದಷ್ಟನ್ನು ನೋಡಬಹುದು.

ಅಷ್ಟು ಕಡಿಮೆ ನೀರಿನ ಕೆಳಗೆ ಇರುವುದು ರೋಮನ್ ಸಾಮ್ರಾಜ್ಯದ ಸಿರಿವಂತರು ಬೇಸಿಗೆ ಕಳೆಯುತ್ತಿದ್ದ ಊರು. ಬಂಗಲೆಗಳ ಗೋಡೆಗಳು, ಬಿಸಿನೀರಿನ ಸ್ನಾನಗೃಹಗಳು, ಮೀನು ಸಾಕುವ ಕೊಳಗಳು, ಕಲ್ಲು ಹಾಸಿದ ರಸ್ತೆಗಳು, ಸೀಸದ ನೀರಿನ ಕೊಳವೆಗಳು, ಮೊಸಾಯಿಕ್ ನೆಲಗಳು. ಜೂಲಿಯಸ್ ಸೀಸರ್‌ಗೆ ಇಲ್ಲೊಂದು ಮನೆಯಿತ್ತು. ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 138ರಲ್ಲಿ ಸತ್ತದ್ದು ಇಲ್ಲೇ. ಕುಡಿತ, ದೋಣಿವಿಹಾರ, ರಾತ್ರಿಯೆಲ್ಲ ಹಾಡು ಎಂದು ಇಲ್ಲಿನ ಬದುಕಿನ ಬಗ್ಗೆ ದಾರ್ಶನಿಕ ಸೆನೆಕಾ ಪತ್ರ ಬರೆದು ಮುಖ ಸಿಂಡರಿಸಿದ್ದಾನೆ. ಕಾಲ ಎರಡು ಸಾವಿರ ವರ್ಷ ಮುಂದೆ ಬಂದರೂ ರೆಸಾರ್ಟ್ ಊರುಗಳ ಮೇಲಿನ ದೂರು ಹೆಚ್ಚು ಬದಲಾಗಿಲ್ಲ.

ಈಗ ಅಲ್ಲಿನ ಸುಮಾರು 177 ಹೆಕ್ಟೇರ್ ಸಮುದ್ರ ಸಂರಕ್ಷಿತ ಪ್ರದೇಶ. 2002ರಲ್ಲಿ ಅದನ್ನು ಮುಳುಗಿದ ಉದ್ಯಾನ ಎಂದು ಘೋಷಿಸಲಾಯಿತು. ಕಾನೂನಿನ ಪ್ರಕಾರ ಇಲ್ಲಿ ಕಾಪಾಡಬೇಕಾದದ್ದು ಎರಡು: ರೋಮನ್ ಅವಶೇಷ ಮತ್ತು ಸಮುದ್ರಜೀವಿ. ಪ್ರವಾಸಿ ಕರಪತ್ರಗಳಲ್ಲಿ ಇವೆರಡೂ ಅನ್ಯೋನ್ಯವಾಗಿವೆ. ಮೊಸಾಯಿಕ್ ಮೇಲೆ ಮೀನು, ವಿಗ್ರಹದ ಹೆಗಲ ಮೇಲೆ ನಕ್ಷತ್ರಮೀನು. ನೀರಿನ ಕೆಳಗೆ ಅವುಗಳ ಸಂಬಂಧ ಅಷ್ಟು ಸಲೀಸಲ್ಲ. ಅಲ್ಲಿನ ಜೀವಿಗಳಲ್ಲಿ ಕೆಲವು ಆ ಅವಶೇಷಗಳನ್ನು ಅಕ್ಷರಶಃ ತಿಂದುಹಾಕುತ್ತಿವೆ. ಆ ಊರು ಯಾವಾಗ ಮುಳುಗಿತು, ಎಷ್ಟು ಮುಳುಗಿತು ಎಂಬುದಕ್ಕೆ ನಂಬಬಹುದಾದ ಸಾಕ್ಷಿ ಸಿಕ್ಕಿರುವುದೂ ಅದೇ ತಿಂದವರಿಂದ.

ಇಳಿದ ನೆಲ, ಏರಿದ ನೆಲ

ಮುಳುಗಿದ ಊರು ಎಂದರೆ ನಮಗೆ ಪ್ರಳಯ, ಶಾಪ, ಒಂದೇ ರಾತ್ರಿಯ ಅನಾಹುತ ನೆನಪಾಗುತ್ತದೆ. ಬಾಯಾದಲ್ಲಿ ಅಂಥ ರಾತ್ರಿ ಇರಲಿಲ್ಲ. ಅದು ನೂರಾರು ವರ್ಷ ತೆಗೆದುಕೊಂಡು ಮುಳುಗಿತು. ಕಾಂಪಿ ಫ್ಲೆಗ್ರೆಯಿ ಎಂದು ಕರೆಯುವ ಈ ಇಡೀ ಪ್ರದೇಶ ಕುಸಿದು ಕೂತ ಒಂದು ಬೃಹತ್ ಜ್ವಾಲಾಮುಖಿಯ ಬಾಯಿ. ಅಗಲ ಹನ್ನೆರಡರಿಂದ ಹದಿನೈದು ಕಿಲೋಮೀಟರ್. ಅರ್ಧ ನೆಲದ ಮೇಲೆ, ಅರ್ಧ ಕಡಲ ಕೆಳಗೆ. ಒಳಗಿನ ಶಿಲಾರಸ, ಕುದಿನೀರು ಮತ್ತು ಅನಿಲಗಳ ಒತ್ತಡ ಹೆಚ್ಚಿದರೆ ಮೇಲಿನ ನೆಲ ಉಬ್ಬುತ್ತದೆ, ಒತ್ತಡ ಇಳಿದರೆ ತಗ್ಗುತ್ತದೆ. ಭೂವಿಜ್ಞಾನಿಗಳು ಇದಕ್ಕೆ ಬ್ರಾಡಿಸಿಸಮ್ ಎನ್ನುತ್ತಾರೆ. ಹೀಗೆ ತಗ್ಗುತ್ತ ತಗ್ಗುತ್ತ ರೋಮನ್ನರ ಕಾಲದ ದಡ ಇಂದಿನ ದಡದಿಂದ ಸುಮಾರು 400 ಮೀಟರ್ ದೂರದಲ್ಲಿ, ನೀರಿನೊಳಗೆ ಉಳಿದಿದೆ.

ಇದನ್ನು ಮೊದಲು ಓದಿಕೊಂಡದ್ದು ನೀರಿಗಿಳಿದವರಲ್ಲ. ಪೊಟ್ಸುವೊಲಿ ಪಟ್ಟಣದ ನಡುವೆ ರೋಮನ್ನರ ಒಂದು ಸಂತೆಕಟ್ಟೆಯಿದೆ. 1750ರಲ್ಲಿ ಅಗೆದಾಗ ಸೆರಾಪಿಸ್ ದೇವರ ವಿಗ್ರಹ ಸಿಕ್ಕಿದ್ದರಿಂದ ಅದನ್ನು ದೇಗುಲವೆಂದೇ ತಿಳಿದರು. ಸೆರಪೇಯಂ ಎಂಬ ಹೆಸರು ಈಗಲೂ ಹೋಗಿಲ್ಲ. ಅಲ್ಲಿ ಸುಮಾರು ಹನ್ನೆರಡು ಮೀಟರ್ ಎತ್ತರದ ಮೂರು ಅಮೃತಶಿಲೆಯ ಕಂಬಗಳು ನಿಂತಿವೆ. ಬುಡದಿಂದ ಮೂರೂವರೆ ಮೀಟರ್‌ವರೆಗೆ ಕಂಬ ನುಣುಪು. ಅಲ್ಲಿಂದ ಮೇಲಕ್ಕೆ ಮೂರು ಮೀಟರ್‌ಗೆ ಸ್ವಲ್ಪ ಕಡಿಮೆ ಎತ್ತರದ ಒಂದು ಪಟ್ಟಿ, ಬೆರಳು ತೂರುವಂಥ ತೂತುಗಳಿಂದ ತುಂಬಿದೆ. ಅದರ ಮೇಲೆ ಮತ್ತೆ ತೂತಿಲ್ಲ.

ತೂತು ಕೊರೆದದ್ದು ಲಿಥೊಫಾಗ ಎಂಬ ಚಿಪ್ಪುಜೀವಿ. ಕಂದುಬಣ್ಣ, ನೀಳ ಆಕಾರ. ಇಟಲಿಯ ಜನ ಅದನ್ನು ಕಡಲ ಖರ್ಜೂರ ಎನ್ನುತ್ತಾರೆ. ನಮ್ಮ ಕರಾವಳಿಯವರು ಬಂಡೆಗಳಿಂದ ಬಿಡಿಸಿ ತಂದು ಸುಕ್ಕ ಮಾಡುವ ಪಚ್ಚಿಲೆಯ ಕುಟುಂಬದ್ದೇ ಜೀವಿ ಇದು. ಪಚ್ಚಿಲೆ ಬಂಡೆಯ ಮೇಲೆ ನಾರಿನಿಂದ ಅಂಟಿಕೊಂಡು ಕೂರುತ್ತದೆ, ಇದು ಬಂಡೆಯ ಒಳಗೇ ಮನೆ ಮಾಡುತ್ತದೆ. ಕೊರೆಯಲು ಹಲ್ಲಿಲ್ಲ, ಉಗುರಿಲ್ಲ. ಮೈಯಿಂದ ಒಸರುವ ಲೋಳೆಯಿಂದ ಸುಣ್ಣದ ಅಂಶವನ್ನು ಕರಗಿಸುತ್ತ ಒಳಸೇರುತ್ತದೆ. ಹಾಗಾಗಿ ಸುಣ್ಣಕಲ್ಲು, ಅಮೃತಶಿಲೆ ಆದೀತು. ಗ್ರಾನೈಟಿನ ತಂಟೆಗೆ ಅದು ಹೋಗುವುದಿಲ್ಲ. ಐದು ಸೆಂಟಿಮೀಟರ್ ಬೆಳೆಯಲು ಹದಿನೈದರಿಂದ ಮೂವತ್ತೈದು ವರ್ಷ ಬೇಕು.

ಸಮುದ್ರದಲ್ಲಿ ಮಾತ್ರ ಬದುಕುವ ಜೀವಿ ಪೇಟೆಯ ನಡುವಿನ ಕಂಬದ ಅಷ್ಟು ಎತ್ತರಕ್ಕೆ ಹೇಗೆ ಹತ್ತಿತು? ಬ್ರಿಟನ್ನಿನ ಚಾರ್ಲ್ಸ್ ಲಯೆಲ್ ಕೊಟ್ಟ ಉತ್ತರ ಸರಳ: ಅದು ಹತ್ತಲಿಲ್ಲ, ಕಂಬವೇ ಇಳಿಯಿತು, ಆಮೇಲೆ ಮತ್ತೆ ಏರಿತು. ಬುಡ ನುಣುಪಾಗಿ ಉಳಿದದ್ದು ಅದು ಮಣ್ಣು ಮತ್ತು ಬೂದಿಯಲ್ಲಿ ಹೂತಿದ್ದರಿಂದ. 1830ರಲ್ಲಿ ಬಂದ ಲಯೆಲ್‌ನ ಭೂವಿಜ್ಞಾನದ ಗ್ರಂಥಕ್ಕೆ ಈ ಮೂರು ಕಂಬಗಳೇ ಮುಖಚಿತ್ರ. ಭೂಮಿ ನಿಂತ ನೆಲವಲ್ಲ, ನಿಧಾನವಾಗಿ ಸರಿಯುತ್ತಲೇ ಇರುತ್ತದೆ ಎಂಬ ವಾದಕ್ಕೆ ಅವನು ತಂದು ನಿಲ್ಲಿಸಿದ ಸಾಕ್ಷಿದಾರ ಒಂದು ಚಿಪ್ಪುಹುಳು. ಕಂಪ್ಯೂಟರಿನ ಪಿತಾಮಹನೆಂದು ನಾವು ಹೇಳುವ ಚಾರ್ಲ್ಸ್ ಬ್ಯಾಬೇಜ್ ಕೂಡ 1828ರಲ್ಲಿ ಇಲ್ಲಿಗೆ ಬಂದು ಇದೇ ಕಂಬಗಳ ಬಗ್ಗೆ ಪ್ರಬಂಧ ಬರೆದಿದ್ದ.

ಆ ತೂತುಗಳಲ್ಲಿ ಉಳಿದ ಚಿಪ್ಪುಗಳ ಕಾಲವನ್ನು ಇಂಗಾಲದ ವಿಧಾನದಿಂದ ಅಳೆದದ್ದು ಬಹಳ ಈಚೆಗೆ. ಫ್ರಾನ್ಸಿನ ಕ್ರಿಸ್ತೋಫ್ ಮೊರಾಂಜ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಕಾರ ನೆಲ ಇಳಿದದ್ದು ಒಂದು ಸಲವಲ್ಲ. ಸುಮಾರು ಐದನೇ ಶತಮಾನದಲ್ಲಿ, ಮಧ್ಯಯುಗದ ಆರಂಭದಲ್ಲಿ, ಮತ್ತು 1538ಕ್ಕೆ ಮುಂಚೆ, ಹೀಗೆ ಮೂರು ಬಾರಿ ನೀರು ಕಂಬಗಳ ಮೇಲೆ ಏಳು ಮೀಟರಿನಷ್ಟು ಏರಿತ್ತು. 1538ರಲ್ಲಿ ನೆಲ ಬಿರುಸಾಗಿ ಉಬ್ಬಿ, ಪಕ್ಕದಲ್ಲೇ ಜ್ವಾಲಾಮುಖಿ ಸಿಡಿದು, ಒಂದು ವಾರದೊಳಗೆ ಮೊಂತೆ ನುವೊವೊ ಎಂಬ ಹೊಸ ಗುಡ್ಡವೇ ಎದ್ದು ನಿಂತಿತು. ತ್ರಿಪೆರ್ಗೊಲೆ ಎಂಬ ಹಳ್ಳಿ ಅದರ ಕೆಳಗೆ ಹೂತುಹೋಯಿತು. ಇಷ್ಟು ಶತಮಾನಗಳ ಏರಿಳಿತವನ್ನು ಯಾವ ಶಾಸನವೂ ಇಷ್ಟು ವಿವರವಾಗಿ ಬರೆದಿಟ್ಟಿಲ್ಲ.

ಚಕ್ರವರ್ತಿಯ ಊಟದ ಮನೆ

ಬಾಯಾದ ಕಡಲೊಳಗೆ ಗೋಡೆಗಳಿವೆ ಎಂಬುದು ಸ್ಥಳೀಯ ಬೆಸ್ತರಿಗೆ ಗೊತ್ತೇ ಇತ್ತು. ಆದರೆ ಅದೊಂದು ಇಡೀ ಊರು ಎಂದು ತೋರಿದ್ದು ಮೇಲಿನಿಂದ. ವಾಯುಪಡೆಯ ಪೈಲಟ್ ರೈಮೊಂದೊ ಬೂಕೆರ್ 1940ರ ದಶಕದಲ್ಲಿ ವಿಮಾನದಿಂದ ತೆಗೆದ ಚಿತ್ರಗಳಲ್ಲಿ ತಿಳಿನೀರಿನ ಕೆಳಗೆ ರಸ್ತೆ, ಕೋಣೆಗಳ ಗೆರೆಗಳು ನಕ್ಷೆ ಬರೆದಂತೆ ಮೂಡಿದವು. ಬೂಕೆರ್ ಬರೀ ಪೈಲಟ್ ಅಲ್ಲ. ಗಾಳಿ ಸಿಲಿಂಡರ್ ಇಲ್ಲದೆ ಒಂದೇ ಉಸಿರಿಗೆ 30 ಮೀಟರ್ ಮುಳುಗಿ 1949ರಲ್ಲಿ ದಾಖಲೆ ಮಾಡಿದವನು. ಮುಂದೆ 1959–60ರಲ್ಲಿ ಪುರಾತತ್ವಜ್ಞ ನೀನೊ ಲಾಂಬೋಲ್ಯಾ ನೇತೃತ್ವದಲ್ಲಿ ವ್ಯವಸ್ಥಿತ ಸರ್ವೆ ಶುರುವಾಯಿತು.

ದೊಡ್ಡ ಸುದ್ದಿ ಬಂದದ್ದು 1969ರಲ್ಲಿ. ಬಿರುಗಾಳಿಯೊಂದು ಪುಂತಾ ಎಪಿತಾಫಿಯೊ ಎಂಬ ಮೂಲೆಯ ಮರಳನ್ನು ಕೆದಕಿದಾಗ ಎರಡು ಅಮೃತಶಿಲೆಯ ವಿಗ್ರಹಗಳು ಹೊರಬಿದ್ದವು. ಒಂದು ಗ್ರೀಕ್ ಪುರಾಣದ ಒಡಿಸ್ಯೂಸ್, ಇನ್ನೊಂದು ದ್ರಾಕ್ಷಾರಸದ ತೊಗಲಚೀಲ ಹಿಡಿದ ಅವನ ಸಂಗಾತಿ. ಒಕ್ಕಣ್ಣಿನ ದೈತ್ಯ ಪಾಲಿಫೆಮಸ್‌ಗೆ ಕುಡಿಸಿ ಮಲಗಿಸುವ ಸನ್ನಿವೇಶ. 1981–82ರ ಉತ್ಖನನದಲ್ಲಿ ಉಳಿದದ್ದು ತಿಳಿಯಿತು: ಅದು ಚಕ್ರವರ್ತಿ ಕ್ಲಾಡಿಯಸ್‌ನ ಕಾಲದ, 18 ಮೀಟರ್ ಉದ್ದ, 9.5 ಮೀಟರ್ ಅಗಲದ ಭೋಜನಶಾಲೆ. ಸುತ್ತ ಗೂಡುಗಳಲ್ಲಿ ವಿಗ್ರಹಗಳು: ಡಯೊನೈಸಸ್, ಕ್ಲಾಡಿಯಸ್‌ನ ತಾಯಿ ಆಂಟೋನಿಯಾ, ಒಬ್ಬಳು ಪುಟ್ಟ ರಾಜಕುಮಾರಿ. ನಡುವೆ ನೀರಿನ ಕೊಳ, ಅದರ ಅಂಚಿಗೆ ಒರಗಿ ಊಟ. ಕತೆಯ ಮುಖ್ಯ ಪಾತ್ರವಾದ ಪಾಲಿಫೆಮಸ್ ಮಾತ್ರ ಸಿಗಲೇ ಇಲ್ಲ. ಮನೆಯೊಳಗೆ ನೀರು ಹರಿಸಿ ಮೆರೆದ ಚಕ್ರವರ್ತಿಯ ಊಟದ ಮನೆಗೆ ಕೊನೆಗೆ ಇಡೀ ಕಡಲೇ ಅತಿಥಿಯಾಗಿ ಬಂತು.

ಈಗ ಮೂಲ ವಿಗ್ರಹಗಳು ಬಾಯಾದ ಕೋಟೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿವೆ. ಅವನ್ನು ನೋಡದೆ ನೀರಿಗಿಳಿಯುವವರು ಅರ್ಧ ಕತೆಯನ್ನಷ್ಟೇ ನೋಡುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮರಳಿನಲ್ಲಿ ಹೂತಿದ್ದ ಭಾಗದಲ್ಲಿ ಬಟ್ಟೆಯ ನಿರಿಗೆ ಕೂಡ ಹಾಗೇ ಇದೆ; ನೀರಿಗೆ ತೆರೆದಿದ್ದ ಭಾಗ ಲಿಥೊಫಾಗದ ತೂತುಗಳಿಂದ ಗುರುತೇ ಸಿಗದಂತಾಗಿದೆ. ಒಂದೇ ಕಲ್ಲು, ಒಬ್ಬನೇ ಶಿಲ್ಪಿ. ಎರಡರ ನಡುವಿನ ಗೆರೆ ಎಂದರೆ ಅಂದಿನ ಸಮುದ್ರತಳದ ಮರಳಿನ ಮಟ್ಟ. ಕೆಳಗೆ ನೀರಿನಲ್ಲಿ ನಿಲ್ಲಿಸಿರುವುದು ನಕಲುಗಳನ್ನು. ಅವುಗಳ ಮೇಲೂ ಈಗ ಪಾಚಿ, ಸ್ಪಂಜು, ಸುಣ್ಣದ ಕೊಳವೆಹುಳುಗಳು ಹತ್ತಿಕೊಂಡಿವೆ. ಫೋಟೋಗಳಲ್ಲಿ ನಕಲೇ ಹೆಚ್ಚು ಪುರಾತನವಾಗಿ ಕಾಣುವುದೊಂದು ತಮಾಷೆ.

ಬಾಡಿಗೆದಾರರು

ಸ್ವಂತವಾಗಿ ದೋಣಿ ತಂದು ಇಳಿಯುವ ಹಾಗಿಲ್ಲ. ಅನುಮತಿ ಪಡೆದ ಡೈವಿಂಗ್ ಕೇಂದ್ರದ ಗೈಡ್ ಜೊತೆಗಿರಬೇಕು. ನೀರು ಮಾಲ್ಡೀವ್ಸ್‌ನಷ್ಟು ತಿಳಿಯಲ್ಲ. ಗಾಳಿ ಬೀಸಿದ ಮರುದಿನ ಮರಳು ಎದ್ದು ಮಬ್ಬಾಗಿರುತ್ತದೆ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಮೊದಲ ಸಲ ಸಿಲಿಂಡರ್ ಕಟ್ಟಿಕೊಂಡ ನಮ್ಮವರಿಗೆ ಬಾಯಾದ ಮೀನುಗಳು ಬಣ್ಣದಲ್ಲಿ ಸಪ್ಪೆ ಎನಿಸಬಹುದು. ಇಲ್ಲಿ ಹವಳದ ದಿಬ್ಬವಿಲ್ಲ. ಮೈಮೇಲೆ ಚಿನ್ನದ ಗೆರೆ ಎಳೆದ ಸಾಲ್ಪಾ ಮೀನುಗಳು ಹಿಂಡುಹಿಂಡಾಗಿ ಪಾಚಿ ಮೇಯುತ್ತವೆ. ಬಾಲದ ಬುಡಕ್ಕೆ ಕಪ್ಪು ಮಚ್ಚೆಯ ಸಾರಾಗೊ ಮೀನು ಗೋಡೆಯ ಮೂಲೆಗಳಲ್ಲಿ ಸುಳಿಯುತ್ತದೆ. ಬೀಸಣಿಗೆಯಂಥ ಗರಿ ಬಿಚ್ಚಿ ಕೂತ ಸಬೆಲ್ಲಾ ಹುಳುವಿನ ಹತ್ತಿರ ಕೈ ಹೋದರೆ ಸಾಕು, ಚಕ್ಕನೆ ಕೊಳವೆಯೊಳಗೆ ಸರಿಯುತ್ತದೆ. ಜ್ವಾಲಾಮುಖಿಯ ಮೆದುಗಲ್ಲಿನಿಂದ ಕಟ್ಟಿದ ಗೋಡೆಗಳಲ್ಲಿ ಕಲ್ಲು ಸವೆದು ಗಾರೆ ಮಾತ್ರ ಜಾಲರಿಯಾಗಿ ಉಳಿದ ಕಡೆ, ಆ ಕಣ್ಣುಗಳೆಲ್ಲ ಸಣ್ಣ ಮೀನು, ಏಡಿಗಳಿಗೆ ಮನೆ. ದೊಡ್ಡ ಸಂದುಗಳಲ್ಲಿ ಆಕ್ಟೋಪಸ್. ಇನ್ನು ಕೆಲವೆಡೆ ನೆಲದ ಬಿರುಕಿನಿಂದ ಗುಳ್ಳೆಗಳ ಸರ ಮೇಲೇಳುತ್ತಿರುತ್ತದೆ. ಅದು ಡೈವರ್ ಬಿಟ್ಟ ಉಸಿರಲ್ಲ, ಜ್ವಾಲಾಮುಖಿಯದು. ಗುಳ್ಳೆ ಹೆಚ್ಚಿರುವ ಒಂದು ಜಾಗವನ್ನು ಜನ ಹೊಗೆಯಾಡುವ ದಿಬ್ಬ ಎಂದೇ ಕರೆಯುತ್ತಾರೆ.

ಮೀನುಗಳಿಂದ ಅವಶೇಷಕ್ಕೆ ದೊಡ್ಡ ತೊಂದರೆಯಿಲ್ಲ. ಕಲ್ಲನ್ನು ತಿನ್ನುವವರು ಕಣ್ಣಿಗೆ ಬೀಳುವುದೇ ಇಲ್ಲ. ಅಮೃತಶಿಲೆಯ ತುಂಡೊಂದು ಮರಳಿನಿಂದ ಹೊರಬಿದ್ದರೆ ಮೊದಲು ಬರುವುದು ಸೂಕ್ಷ್ಮ ಪಾಚಿ, ಶಿಲೀಂಧ್ರ. ಅವು ಮೇಲ್ಮೈಯನ್ನು ಕೂದಲೆಳೆಯಷ್ಟು ಕೊರೆದು ಸಡಿಲ ಮಾಡುತ್ತವೆ. ಆಮೇಲೆ ಕ್ಲಿಯೋನಾ ಜಾತಿಯ ಸ್ಪಂಜು. ಹೊರಗೆ ಸೂಜಿಮೊನೆಯಷ್ಟು ರಂಧ್ರ, ಒಳಗೆ ಸುರಂಗಗಳ ಜಾಲ; ಕಲ್ಲನ್ನು ಆಮ್ಲದಿಂದ ಕೆತ್ತಿ ಕಣಕಣವಾಗಿ ಹೊರಹಾಕುತ್ತದೆ. ಕೊನೆಗೆ ನಿಧಾನವಾಗಿ ಲಿಥೊಫಾಗ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಶಿಲೆ ಒಳಗೆ ಪೊಳ್ಳಾಗಿರಬಹುದು. ಹಾಗೆಂದು ಎಲ್ಲ ಜೀವಿಗಳೂ ಶತ್ರುಗಳಲ್ಲ. ಕಲ್ಲಿನ ಮೇಲೆ ಗಡುಸಾದ ಹೊದಿಕೆ ಕಟ್ಟುವ ಕೆಂಪು ಪಾಚಿಯ ಪದರ ಕೊರೆಯುವವರನ್ನು ಕೊಂಚವಾದರೂ ತಡೆಯುತ್ತದೆ. ಹಾಗಾಗಿ ಎಲ್ಲವನ್ನೂ ಉಜ್ಜಿ ತೊಳೆದರೆ ಆಯಿತು ಎನ್ನುವಂತಿಲ್ಲ.

ಇನ್ನೊಂದು ತೊಡಕೂ ಇದೆ. ಕಡಲ ಖರ್ಜೂರ ಬಾಯಿಗೆ ಬಹಳ ರುಚಿ. ಅದನ್ನು ತೆಗೆಯಲು ಬಂಡೆಯನ್ನೇ ಒಡೆಯಬೇಕಾದ್ದರಿಂದ ಕಳ್ಳತನದಲ್ಲಿ ಮೈಲುಗಟ್ಟಲೆ ಸಮುದ್ರತಳ ಬೋಳಾಗಿದೆ. ಯುರೋಪಿನಲ್ಲಿ ಈಗ ಅದನ್ನು ಹಿಡಿಯುವುದು, ಮಾರುವುದು ಅಪರಾಧ. ಅಂದರೆ ಕಂಬವನ್ನು ತಿನ್ನುವ ಜೀವಿಗೂ ಕಾನೂನಿನ ರಕ್ಷಣೆ, ತಿನ್ನಿಸಿಕೊಳ್ಳುವ ಕಂಬಕ್ಕೂ ಕಾನೂನಿನ ರಕ್ಷಣೆ.

ಈ ಜಟಿಲತೆಯ ನಡುವೆ ಕೆಲಸ ಮಾಡುತ್ತಿರುವವರು ರೋಮ್‌ನ ಕೇಂದ್ರ ಸಂರಕ್ಷಣಾ ಸಂಸ್ಥೆಯವರು. ರೊಬೆರ್ತೊ ಪೆತ್ರಿಯಾಜ್ಜಿ ಅವರ ಮುಂದಾಳತ್ವದಲ್ಲಿ 2001ರಲ್ಲಿ ಆರಂಭವಾದ ಅವರ ಯೋಜನೆಯ ಉದ್ದೇಶ, ಅವಶೇಷವನ್ನು ಎತ್ತಿ ತರದೆ ನೀರಿನೊಳಗೇ ರಿಪೇರಿ ಮಾಡುವುದು. ಉಳಿ, ಬ್ರಷ್ಷು ಹಿಡಿದು ಸ್ವಚ್ಛ ಮಾಡಿ, ನೀರಿನಲ್ಲೇ ಗಟ್ಟಿಯಾಗುವ ಗಾರೆಯಿಂದ ಬಿರುಕು ತುಂಬಿ, ಮೇಲೆ ಜವಳಿಯಂಥ ಹೊದಿಕೆ ಹಾಸಿ, ಮರಳು ಸುರಿದು ಮುಚ್ಚುತ್ತಾರೆ. ಮರಳಿನ ಕೆಳಗೆ ಆಮ್ಲಜನಕ ಕಡಿಮೆ, ಕೊರೆಯುವವು ಬದುಕುವುದಿಲ್ಲ. ಹಾಗಾಗಿ ಬಾಯಾದ ಮೊಸಾಯಿಕ್‌ಗಳು ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಗೈಡ್ ಅಂಗೈ ಬೀಸಿ ಮರಳು ಸರಿಸುತ್ತಾರೆ, ಕಪ್ಪುಬಿಳುಪಿನ ಷಡ್ಭುಜಗಳು ಮೂಡುತ್ತವೆ, ಎಲ್ಲರೂ ನೋಡಿದ ಮೇಲೆ ಮತ್ತೆ ಮರಳು ಎಳೆದು ಮುಚ್ಚುತ್ತಾರೆ. ಸಂಗ್ರಹಾಲಯಗಳಲ್ಲಿ ಕಾಣದ ಈ ಪದ್ಧತಿ ನನಗೆ ಬಹಳ ಹಿಡಿಸುತ್ತದೆ. ತೋರಿಸುವುದು ಎಂದರೆ ಹಾಳುಮಾಡುವುದರ ಮೊದಲ ಹೆಜ್ಜೆ ಎಂದು ಒಪ್ಪಿಕೊಂಡ ಪ್ರಾಮಾಣಿಕತೆ ಅದರಲ್ಲಿದೆ. 2024ರಲ್ಲಿ ಸಂರಕ್ಷಣೆಗೆ ಎತ್ತಿಕೊಂಡ ಇನ್ನೊಂದು ನೆಲ ಸುಮಾರು 250 ಚದರ ಮೀಟರ್ ವಿಸ್ತಾರದ್ದು. ಬೇರೆ ಕಟ್ಟಡಗಳಿಂದ ಕಿತ್ತು ತಂದ ಬಣ್ಣಬಣ್ಣದ ಅಮೃತಶಿಲೆಯ ಚೂರುಗಳನ್ನು ಜೋಡಿಸಿದ ದಿವಾನಖಾನೆ. ರೋಮ್ ಬಡವಾಗುತ್ತಿದ್ದ ಕಾಲದಲ್ಲೂ ಯಾರೋ ಸೆಕೆಂಡ್ ಹ್ಯಾಂಡ್ ಕಲ್ಲಿನಲ್ಲಿ ವೈಭವ ಮಾಡಿಕೊಂಡಿದ್ದರು.

ತಿನ್ನಲಾಗದ್ದು

ಅಮೃತಶಿಲೆ ಹೀಗೆ ಸೋಲುವಲ್ಲಿ ಸೋಲದೆ ನಿಂತದ್ದು ರೋಮನ್ನರ ಕಾಂಕ್ರೀಟು. ಕ್ರಿ.ಪೂ. 37ರಲ್ಲಿ ಸೇನಾಪತಿ ಅಗ್ರಿಪ್ಪ ಕಟ್ಟಿಸಿದ ಪೋರ್ತುಸ್ ಯೂಲಿಯಸ್ ಎಂಬ ನೌಕಾನೆಲೆ ಇದೇ ಕೊಲ್ಲಿಯಲ್ಲಿದೆ. ಹೂಳು ತುಂಬಿ ಕೆಲವೇ ದಶಕಗಳಲ್ಲಿ ನೌಕಾಪಡೆ ಅದನ್ನು ಬಿಟ್ಟು ಮಿಸೇನಂಗೆ ಹೋಯಿತು. ಆದರೆ ಅಲೆ ತಡೆಯಲು ಕಡಲಲ್ಲಿ ಎರೆದ ಕಾಂಕ್ರೀಟಿನ ದಿಮ್ಮಿಗಳು ಈಗಲೂ ಇವೆ. ಸುಣ್ಣಕ್ಕೆ ಇಲ್ಲಿನ ಜ್ವಾಲಾಮುಖಿ ಬೂದಿ ಬೆರೆಸಿದರೆ ನೀರಿನೊಳಗೂ ಗಟ್ಟಿಯಾಗುತ್ತದೆ ಎಂದು ವಾಸ್ತುಶಾಸ್ತ್ರದ ಬರಹಗಾರ ವಿಟ್ರುವಿಯಸ್ ಬರೆದಿಟ್ಟಿದ್ದಾನೆ. ಸಮುದ್ರದ ನೀರು ಒಳಹೊಕ್ಕಷ್ಟೂ ಅದರಲ್ಲಿ ಹೊಸ ಖನಿಜಗಳ ಹರಳು ಬೆಳೆದು ಬಂಧ ಬಿಗಿಯಾಗುತ್ತದೆ ಎಂದು ಮೇರಿ ಜ್ಯಾಕ್ಸನ್ ಮತ್ತು ಸಂಗಡಿಗರ ಅಧ್ಯಯನ ತೋರಿಸಿದೆ. ಇಂದು ನಮ್ಮೂರ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಿಪಿಸಿ ಸಿಮೆಂಟಿನ ಹಿಂದಿನ ಉಪಾಯವೂ ಇದೇ. ಜ್ವಾಲಾಮುಖಿಯ ಬೂದಿಯ ಜಾಗದಲ್ಲಿ ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿ ಬಂದಿದೆ.

ಮುಳುಗಿದ ಅವಶೇಷಗಳೆಂದರೆ ನಮ್ಮ ಕಡಲಿನ ಮಾತೂ ಬರುತ್ತದೆ; ಆಗ ಶಿಕಾರಿಪುರ ರಂಗನಾಥ ರಾವ್ ಅವರನ್ನು ನೆನೆಯದೆ ಇರಲಾಗದು. ಗುಜರಾತಿನ ಲೋಥಲ್ ಉತ್ಖನನ ಮಾಡಿದ ಈ ಕನ್ನಡಿಗ, ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಸಾಗರ ಪುರಾತತ್ವವನ್ನು ಕಟ್ಟಿ, ದ್ವಾರಕೆಯ ಸಮುದ್ರದಲ್ಲಿ ಶೋಧಕ್ಕೆ ಮುಂದಾದರು. ಅಲ್ಲಿ ಮೂರು ತೂತಿನ ಕಲ್ಲಿನ ಲಂಗರುಗಳು, ಕಟ್ಟಡದ ಕಲ್ಲುಗಳು ಸಿಕ್ಕವು. ಅರಬ್ಬೀ ಸಮುದ್ರದಲ್ಲಿ ಕೆಸರು ಹೆಚ್ಚು, ಸೆಳೆತ ಹೆಚ್ಚು, ಕಲ್ಲುಗಳ ಮೇಲೆ ಕಡಲ ಸಸ್ಯ, ಜೀವಿಗಳ ದಪ್ಪ ಪದರ. ಅದನ್ನು ಕೆರೆದ ಮೇಲಷ್ಟೇ ಅದು ಲಂಗರೋ ಬರೀ ಬಂಡೆಯೋ ತಿಳಿಯುವುದು. ದ್ವಾರಕೆಯ ಕಾಲದ ಬಗ್ಗೆ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ. ಪೊಟ್ಸುವೊಲಿಯ ಕಂಬಗಳಿಗೆ ಸಿಕ್ಕಂಥ ಸಾಕ್ಷಿ ಎಲ್ಲ ಕಡಲಿಗೂ ಸಿಗುವುದಿಲ್ಲ.

ಬಾಯಾದ ನೆಲ ಸುಮ್ಮನಾಗಿಲ್ಲ. 1970–72ರಲ್ಲಿ ಪೊಟ್ಸುವೊಲಿ ಒಂದೂವರೆ ಮೀಟರಿಗೂ ಹೆಚ್ಚು ಮೇಲೆದ್ದಿತು. 1982–84ರಲ್ಲಿ ಮತ್ತೆ 1.8 ಮೀಟರ್, ಸುಮಾರು 40,000 ಜನ ಮನೆ ಬಿಟ್ಟು ಹೋಗಬೇಕಾಯಿತು. ನಡುವೆ ಸ್ವಲ್ಪ ಇಳಿದ ನೆಲ 2005ರಿಂದ ಪುನಃ ಏರುತ್ತಿದೆ, ಈವರೆಗೆ 1.3 ಮೀಟರಿಗೂ ಹೆಚ್ಚು. 2024ರ ಮೇ 20ರಂದು 4.4 ತೀವ್ರತೆಯ ಭೂಕಂಪವೂ ಆಯಿತು. ಏರಿಕೆಯ ಕೇಂದ್ರ ಪೊಟ್ಸುವೊಲಿ. ಬಾಯಾ ಅಂಚಿನಲ್ಲಿರುವುದರಿಂದ ಅಲ್ಲಿ ಏರಿಕೆ ಕಡಿಮೆ. ಆದರೂ ನೆಲ ಒಂದು ಮೀಟರ್ ಮೇಲೆದ್ದರೆ ಐದು ಮೀಟರ್ ಆಳದ ಗೋಡೆ ನಾಲ್ಕು ಮೀಟರಿಗೆ ಬರುತ್ತದೆ, ಚಳಿಗಾಲದ ಅಲೆ ಅದರ ಮೇಲಿನ ಮರಳನ್ನು ಇನ್ನಷ್ಟು ಸುಲಭವಾಗಿ ಎಳೆದೊಯ್ಯುತ್ತದೆ, ಮುಚ್ಚಿಟ್ಟ ನೆಲ ಕೊರೆಯುವವರಿಗೆ ತೆರೆದುಕೊಳ್ಳುತ್ತದೆ. ಪೊಟ್ಸುವೊಲಿಯ ಹಳೆಯ ಪುಟ್ಟ ಬಂದರಿನಲ್ಲಿ ಇದರ ಪರಿಣಾಮ ಈಗಾಗಲೇ ಎದ್ದು ಕಾಣುತ್ತದೆ: ನೀರು ತಗ್ಗಿ ದೋಣಿಗಳು ಕೆಸರಿನ ಮೇಲೆ ಕೂತಿವೆ, ಧಕ್ಕೆಯ ಕಲ್ಲಿನಲ್ಲಿ ಅಂಟಿಕೊಂಡಿದ್ದ ಚಿಪ್ಪುಜೀವಿಗಳು ನೀರಿನಿಂದ ಹೊರಬಿದ್ದು ಒಣಗಿವೆ, ಮೀನುಗಾರರು ದೋಣಿ ಕಟ್ಟಲು ಬೇರೆ ಜಾಗ ಹುಡುಕುತ್ತಿದ್ದಾರೆ.